ಟೇಪ್ ಸುತ್ತಿಸಿಕೊಂಡ ಕಿತ್ತಳೆ ವೈರು

15 ಸಾವಿರ ಕೊಟ್ಟು 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸ್ತೀರಿ. ರಾತ್ರಿ ಶಿರಾಡಿ ಘಾಟಿ ಇಳಿಯುವಾಗ ಅದು ಕಾರೊಳಗೆ ಜಾತ್ರೆ ಲೈಟಿನ ಹಾಗೆ ಉರಿಯುತ್ತೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹಿಡಿಯುತ್ತೆ, ಅದನ್ನ ಕೆಡಿಸೋಕೆ ಈ ಸ್ಕ್ರೀನ್ ಸಾಕು. "ಬ್ರೈಟ್‌ನೆಸ್ ಕಮ್ಮಿ ಮಾಡ್ಕೊಳ್ಳಿ ಸಾರ್" ಅಂತಾರೆ ಅಂಗಡಿಯವರು. ಯಾಕ್ರೀ ಮಾಡ್ಕೋಬೇಕು, ದಿನಾ ಸಂಜೆ ಮೆನು ಹುಡುಕಿಕೊಂಡು?

ಸೆಟ್ಟಿನ ಹಿಂದೆ ಇದಕ್ಕಂತಲೇ ಒಂದು ವೈರು ಇರುತ್ತೆ. ಸಾಮಾನ್ಯವಾಗಿ ಕಿತ್ತಳೆ ಬಣ್ಣ, ಇಲ್ಲಾ ಕಿತ್ತಳೆ ಮೇಲೆ ಬಿಳಿ ಗೆರೆ. ಪಾರ್ಕಿಂಗ್ ಲೈಟ್ ಹಾಕಿದಾಗ 12 ವೋಲ್ಟ್ ಬರುವ, ಆರಿಸಿದಾಗ ಸೊನ್ನೆಯಾಗುವ ವೈರಿಗೆ ಇದನ್ನು ಸೇರಿಸಿದರೆ, ಲೈಟ್ ಹಾಕಿದೊಡನೆ ಸ್ಕ್ರೀನ್ ತಾನೇ ಮಂಕಾಗುತ್ತೆ. ಬ್ಯಾಟರಿಯ ಹಳದಿ, ಕೀಲಿಯ ಕೆಂಪು, ಅರ್ತಿನ ಕಪ್ಪು ವೈರುಗಳನ್ನು ಜೋಡಿಸಿದ ಕೈಗೆ ಇದೇನು ಭಾರವೇ? ಆದರೆ ಹಾಡು ಬಂದರೆ ಕೆಲಸ ಮುಗೀತು ಅನ್ನೋ ಅಂಗಡಿ ಅದಕ್ಕೆ ಟೇಪ್ ಸುತ್ತಿ ಒಳಗೆ ತುರುಕುತ್ತೆ. ನನ್ನ ಕಾರಿಗೂ ಇದೇ ಮರ್ಯಾದೆ ಆಯ್ತು.

ನಮ್ಮೂರ ಪಂಪ್‌ಸೆಟ್ ರಿಪೇರಿಯವರು ಟೆಸ್ಟರ್ ಇಡದೆ ವೈರು ಮುಟ್ಟುತ್ತಿರಲಿಲ್ಲ. ಇಲ್ಲಿ ಎ.ಸಿ. ಶೋರೂಮಿನಲ್ಲಿ ಕೂತು ಅಂದಾಜಿನ ಮೇಲೆ ಜೋಡಿಸ್ತಾರೆ! ಡ್ಯಾಶ್ ದೀಪದ ಡಿಮ್ಮರ್ ದಾಟಿದ ವೈರಿಗೆ ಸಿಕ್ಕಿಸಿದರೆ ಕೆಲವು ಕಾರುಗಳಲ್ಲಿ ಸ್ಕ್ರೀನ್ ಮಿಣಮಿಣ ಅನ್ನುತ್ತೆ. ಮಲ್ಟಿಮೀಟರ್ ಇರೋದೇ ಇದನ್ನ ನೋಡೋಕೆ.

ಕಾರು ತಗೊಂಡು ಹೊರಡೋ ಮುಂಚೆ ಸೆಟ್ಟಿಂಗ್‌ನಲ್ಲಿ ಡಿಮ್ಮರನ್ನು ಆಟೋಗೆ ಇಡಿಸಿ, ಪಾರ್ಕಿಂಗ್ ಲೈಟ್ ಹಾಕಿ. ಸ್ಕ್ರೀನ್ ಮಂಕಾಗಲಿಲ್ಲವೋ, ದುಡ್ಡು ಜೇಬಲ್ಲೇ ಇರಲಿ.