ಮಿಲ್ಫರ್ಡ್‌ಗೆ ಮಳೆಯಲ್ಲೇ ಹೋಗಬೇಕು

ನ್ಯೂಜಿಲೆಂಡಿನ ಮಿಲ್ಫರ್ಡ್ ಸೌಂಡ್‌ನಲ್ಲಿ ದೋಣಿ ಹತ್ತುವ ಹೊತ್ತಿಗೆ ಮಳೆ ಸುರಿದರೆ ಪ್ರವಾಸಿಗರ ಮುಖ ಬಾಡುತ್ತದೆ. ಪೋಸ್ಟ್‌ಕಾರ್ಡಿನ ನೀಲಿ ಆಕಾಶವಿಲ್ಲ, ಮೈಟರ್ ಶಿಖರ ಮೋಡದ ಮರೆಯಲ್ಲಿ. ಕೊಟ್ಟ ದುಡ್ಡು ದಂಡವಾಯಿತು ಎನ್ನಿಸುವುದು ಸಹಜ. ಆದರೆ ಆ ಲೆಕ್ಕ ತಪ್ಪು.

ವರ್ಷಕ್ಕೆ 6 ಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಅದು. ಬಿಸಿಲಿದ್ದಾಗ ಅಲ್ಲಿ ಕಾಣುವ ಕಾಯಂ ಜಲಪಾತಗಳು ಎರಡೇ: ಬೋವೆನ್ ಮತ್ತು ಸ್ಟರ್ಲಿಂಗ್. ಮಳೆ ಹಿಡಿಯಿತೋ, ಹಿಮನದಿ ಕೊರೆದ ಕಡಿದಾದ ಬಂಡೆಗಳ ಮೇಲೆ ನೀರಿಗೆ ಇಂಗಲು ಮಣ್ಣಿಲ್ಲ; ನೂರಾರು ಕಡೆಯಿಂದ ಧುಮುಕುತ್ತದೆ. ಮಳೆ ನಿಂತ ಮೇಲೆ ಹೆಚ್ಚು ಹೊತ್ತು ಉಳಿಯದ ನೋಟವದು.

ಕಾಡಿನ ತರಗೆಲೆಯಿಂದ ಚಹಾದ ಬಣ್ಣ ಪಡೆದ ಆ ಸಿಹಿನೀರು ಕಡಲ ನೀರಿನ ಮೇಲೆ ಪದರವಾಗಿ ನಿಂತು ಬೆಳಕನ್ನು ತಡೆಯುತ್ತದೆ. ಆ ಕತ್ತಲೆಯಿಂದಾಗಿಯೇ ಆಳಸಮುದ್ರದ ಕರಿಹವಳ ಅಲ್ಲಿ ಹತ್ತು ಮೀಟರಿನ ಆಸುಪಾಸಿನಲ್ಲೇ ಬೆಳೆಯುತ್ತದೆ. ಮಳೆಯನ್ನು ಕಳೆದರೆ ಅಲ್ಲಿನ ಕಡಲೇ ಬೇರೆಯಾಗುತ್ತದೆ.

ಮಳೆಗೆ ಇನ್ನೊಂದು ಮುಖವೂ ಇದೆ, ನಿಜ. 2020ರ ಫೆಬ್ರವರಿಯಲ್ಲಿ ಪ್ರವಾಹಕ್ಕೆ ರಸ್ತೆ ಕೊಚ್ಚಿಹೋಗಿ ಪ್ರವಾಸಿಗರು ಅಲ್ಲೇ ಸಿಲುಕಿದ್ದರು. ಹಾಗಾಗಿಯೇ ಟಿಕೆಟ್ ಮಾರುವವರು ಬಿಸಿಲಿನ ಚಿತ್ರದ ಪಕ್ಕದಲ್ಲಿ ಮಳೆಯ ಚಿತ್ರವನ್ನೂ ಹಾಕಬೇಕು. ಬರುವವರು ರೇನ್‌ಕೋಟಿನ ಜೊತೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬರಲಿ. ಮಳೆ ಬಂದರೆ ಮುಖ ಬಾಡಿಸದಿರಲಿ.