ಎಷ್ಟು ದಿನವಾಯ್ತು?

ಪುಣೆಗೆ ಕೆಲಸಕ್ಕೆ ಬಂದ ನಮ್ಮೂರ ಹುಡುಗನೊಬ್ಬ ಕೊಕೇನ್ ಚಟಕ್ಕೆ ಬಿದ್ದಿದ್ದ. "ಬಿಟ್ಟು ಎರಡು ವಾರವಾಯ್ತು" ಎಂದಾಗ ನಾನು, "ನೋಡೋಣ, ಎಷ್ಟು ದಿನ!" ಎಂದುಬಿಟ್ಟೆ. ಆಮೇಲೆ ಅವನು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಕೊಕೇನ್ ಚಟಕ್ಕೆಂದೇ ಅನುಮೋದನೆ ಪಡೆದ ಔಷಧಿಯಿಲ್ಲ. 1990ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ ಬೇರೆ ದಾರಿ ಹಿಡಿದರು. ಮೂತ್ರಪರೀಕ್ಷೆಯಲ್ಲಿ ಕೊಕೇನ್ ಕಾಣದಿದ್ದರೆ ಕೂಡಲೇ ವೋಚರ್, ಮೊದಲನೆಯದು 2.50 ಡಾಲರ್. ಸತತವಾಗಿ ದೂರವಿದ್ದಷ್ಟೂ ಮೊತ್ತ ಏರುತ್ತದೆ, ಜಾರಿದರೆ ಮತ್ತೆ ಮೊದಲಿಗೆ. ನಗದು ಕೊಡುವುದಿಲ್ಲ, ಬೇಕಾದ ವಸ್ತು ಕೊಳ್ಳಬಹುದು. ಜೊತೆಗೆ ಆಪ್ತಸಮಾಲೋಚನೆ. ನಶೆಯ ಸುಖ ಈಗಲೇ, ಸಂಯಮದ ಫಲ ಎಂದೋ. ಆ ಅಂತರವನ್ನು ತುಂಬುವುದೇ ಗುಟ್ಟು. ವೋಚರ್ ನಿಂತ ಮೇಲೆ ಕೆಲಸ, ಮನೆ, ಗೆಳೆಯರೇ ಬಹುಮಾನವಾಗಬೇಕು, ಕಷ್ಟವಿರುವುದು ಅಲ್ಲೇ.

ನಮ್ಮ ಪುಣೆಯಲ್ಲೇ ವೈದ್ಯ ದಂಪತಿ ಅನಿಲ್ ಮತ್ತು ಅನಿತಾ ಅವಚಟ್ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಬೇಕಾದವರು ಸಂಕೋಚಪಡಬೇಡಿ.

ಕಳೆದ ವಾರ ನಾನೇ ಅವನಿಗೆ ಫೋನ್ ಮಾಡಿದೆ.

"ಎಷ್ಟು ದಿನವಾಯ್ತು?"

"ನಡುವೆ ಒಮ್ಮೆ ಜಾರಿದ್ದೆ. ಮತ್ತೆ ಶುರು ಮಾಡಿ ಇವತ್ತಿಗೆ ನಲವತ್ತು."

"ಭಾನುವಾರ ಊಟಕ್ಕೆ ಬಾ. ಹೋಳಿಗೆ ಮಾಡಿಸ್ತೀನಿ."