ದ್ರಾಕ್ಷಾಪಾಕ

ಮೇಷ್ಟರ ಮನೆಯಲ್ಲಿ ವೈನ್ ಸೀಸೆ ಎಂದೊಡನೆ ವಾಚಕರು ಹುಬ್ಬೇರಿಸಬಾರದು. ಅಲಂಕಾರಶಾಸ್ತ್ರದ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನ ಮನೆಗೆ ಅದು ಬಂದುದು ಗುರುದಕ್ಷಿಣೆಯಾಗಿ.

ತಂದವನು ನನ್ನ ಹಳೆಯ ವಿದ್ಯಾರ್ಥಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರರ ಮಗ. ಕನ್ನಡ ಎಂ.ಎ. ಓದನ್ನು ನಡುವೆಯೇ ಬಿಟ್ಟು ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ತಯಾರಿಸುವ ಕೆಲಸಕ್ಕೆ ಅವನು ಸೇರಿದಾಗ, "ಸರಸ್ವತಿಯನ್ನು ಬಿಟ್ಟು ಸೀಸೆ ತೊಳೆಯಲು ಹೊರಟೆಯಾ?" ಎಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರು ಗದರಿದ್ದೆ. ಮೂರು ವರ್ಷ ಅವನು ಮುಖ ತೋರಿಸಲಿಲ್ಲ. ಕಳೆದ ಡಿಸೆಂಬರಿನಲ್ಲಿ ಬಂದವನು, "ಸಾರ್, ಹೋದ ಸುಗ್ಗಿಯದು, ದುಬಾರಿಯದೇನಲ್ಲ. ಒಂದೇ ದಿನ ತೀರ್ಪು ಕೊಡಬೇಡಿ. ದಿನಕ್ಕಿಷ್ಟು, ಊಟದೊಡನೆ ನೋಡಿ" ಎಂದಷ್ಟೇ ಹೇಳಿ ಹೊರಟುಹೋದ.

ಆ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆ ಆರಂಭವಾದುದು 1988ರಲ್ಲಿ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಸವರಿ, ವರ್ಷದ ಮೊದಲ ತಿಂಗಳುಗಳಲ್ಲಿ ಒಮ್ಮೆ ಹಣ್ಣು ಕೊಯ್ಯುತ್ತಾರೆ. ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ. ಸಿಪ್ಪೆಯೊಡನೆ ಹುದುಗಿದಾಗಲೇ ಅದಕ್ಕೆ ಕೆಂಪೂ ಬರುತ್ತದೆ, ಟ್ಯಾನಿನ್ ಎಂಬ ಒಗರೂ ಬರುತ್ತದೆ.

ಮೊದಲ ಸಂಜೆ ಬರಿದೇ ಒಂದು ಗುಟುಕು ಕುಡಿದೆ. ಎಳೆಯ ಅಡಕೆ ಅಗಿದಂತೆ ನಾಲಗೆ ಒರಟಾಯಿತು. ಮೂಸಿ ನೋಡಿದ ನನ್ನಾಕೆ, "ಇದಕ್ಕಾಗಿಯೇ ಆ ಹುಡುಗ ಓದು ಬಿಟ್ಟದ್ದೇ?" ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಬಿರಡೆ ಒತ್ತಿ ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟೆ.

ಎರಡನೆಯ ದಿನ ಹುಳಿಯನ್ನದೊಡನೆ ಪ್ರಯೋಗ ನಡೆಯಿತು. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಕೆರಳಿಸುತ್ತದೆಂಬ ಸತ್ಯವನ್ನು ಕಣ್ಣೀರಿನೊಡನೆ ಕಲಿತೆ.

ಮೂರನೆಯ ದಿನ ಮನೆಯಲ್ಲಿ ಹಿತಕಿದ ಅವರೆಬೇಳೆ. ಖಾರ ಕಡಿಮೆ, ಮೇಲೆ ಧಾರಾಳ ತುಪ್ಪ. ಗುಟುಕರಿಸಿ ಬೆರಗಾದೆ. ಒಗರು ತಲೆಬಾಗಿತ್ತು, ನೇರಳೆಹಣ್ಣಿನ, ಕರಿಮೆಣಸಿನ ನಸುಗಂಪು ಮೇಲೆದ್ದಿತ್ತು. ಟ್ಯಾನಿನ್ನಿನ ಸ್ವಭಾವವೇ ಪ್ರೋಟೀನನ್ನು ಹಿಡಿದುಕೊಳ್ಳುವುದು. ಬರಿಬಾಯಲ್ಲಿ ಕುಡಿದರೆ ಅದು ಎಂಜಲಿನ ಪ್ರೋಟೀನನ್ನೇ ಹಿಡಿದು ನಾಲಗೆಯನ್ನು ಒಣಗಿಸುತ್ತದೆ. ಊಟದ ಸಾರವೂ ಜಿಡ್ಡೂ ಸಿಕ್ಕಿದರೆ ಮೃದುವಾಗುತ್ತದೆ. ಜೊತೆಗೆ, ಅರೆಬರಿದಾದ ಸೀಸೆಯೊಳಗಿನ ಗಾಳಿ ಎರಡು ದಿನ ತನ್ನ ಕೆಲಸ ಮಾಡಿತ್ತು.

ಆಗ ನನ್ನ ಪಾಠವೇ ನನಗೆ ನೆನಪಾಯಿತು. ಒಳಗೂ ಹೊರಗೂ ರಸ ತುಳುಕುವ, ತಟ್ಟನೆ ತಿಳಿಯುವ ಕಾವ್ಯ ದ್ರಾಕ್ಷಾಪಾಕವೆಂದು ವಿದ್ಯಾನಾಥನ ಮತ. ವರ್ಷವರ್ಷವೂ ನಾನು ಹೇಳುವುದು ಅದನ್ನೇ. ಆದರೆ ಅವನಿಗಿಂತ ಕೆಲವು ಶತಮಾನ ಹಿಂದಿನ ರಾಜಶೇಖರ ಮೃದ್ವೀಕಾಪಾಕವನ್ನು, ಎಂದರೆ ದ್ರಾಕ್ಷಿಯ ಪಾಕವನ್ನೇ, ಮೊದಲಲ್ಲಿ ರುಚಿಯಿಲ್ಲದೆ ಕೊನೆಯಲ್ಲಿ ರುಚಿಸುವಂಥದೆಂದು ವಿವರಿಸಿದ್ದಾನೆ. ಇದೇಕೆ ಹೀಗೆಂದು ತರಗತಿಯಲ್ಲಿ ಒಮ್ಮೆ ಎದ್ದುನಿಂತು ಕೇಳಿದವನು ಇದೇ ಹುಡುಗ. "ಪರೀಕ್ಷೆಗೆ ಅದು ಬೇಡ, ಕುಳಿತುಕೊ" ಎಂದಿದ್ದೆ. ಉತ್ತರವನ್ನು ಅವನು ಸೀಸೆಯಲ್ಲಿ ತುಂಬಿ ತಂದಿದ್ದನೋ ಏನೋ!

ಅವನೊಡನೆ ಮಾತನಾಡಬೇಕೆಂದುಕೊಂಡೆ. ಆದರೆ ಉತ್ತರಪತ್ರಿಕೆಗಳ ಕಟ್ಟು ಕಾದಿತ್ತು, ಅಭಿಮಾನವೂ ಅಡ್ಡಬಂದಿತು. ಹೀಗೆ ಒಂದು ವಾರ ಕಳೆಯಿತು. ಉಳಿದುದನ್ನು ಬಾಯಿಗಿಟ್ಟರೆ ಹುಳಿಯ ಮೊನೆ ಚುಚ್ಚಿತು. ವೈನನ್ನು ಪಕ್ವಗೊಳಿಸುವುದೂ ಗಾಳಿಯೇ, ಮಿತಿಮೀರಿದರೆ ಕೆಡಿಸುವುದೂ ಗಾಳಿಯೇ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1866ರ ತನ್ನ ಗ್ರಂಥದಲ್ಲಿ ತೋರಿಸಿದ್ದ. ಗಾಳಿಯ ನೆರವಿನಿಂದ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ವಿನೆಗರಿನ ಆಮ್ಲವಾಗಿಸುತ್ತವೆ. ಕಾಯುವುದಕ್ಕೂ ಒಂದು ಅವಧಿಯುಂಟು.

ಅಂದೇ ರಾತ್ರಿ ದೂರವಾಣಿ ಮಾಡಿದೆ. ಕ್ಷಮೆಯ ಮಾತು ಗಂಟಲಲ್ಲಿ ತಡವರಿಸುತ್ತಿರುವಾಗಲೇ ಅವನು ಕೇಳಿದ: "ಮೂರನೆಯ ದಿನ ಹೇಗಿತ್ತು, ಸಾರ್?"

"ರಾಜಶೇಖರ ಹೇಳಿದ್ದು ಸರಿಯಪ್ಪ" ಎಂದೆ. "ಅಂದು ನಾನು ಆಡಿದ್ದು ತಪ್ಪು."

ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ, "ಫೆಬ್ರವರಿಯಲ್ಲಿ ಕೊಯ್ಲು, ಸಾರ್. ಅಮ್ಮಾವರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ" ಎಂದ.

ಹೋಗುವುದೆಂದು ನಿಶ್ಚಯಿಸಿದ್ದೇವೆ.